ಮಾಂಸವಿಲ್ಲದ ‘ಮೀಟ್’

1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲಿನ ಯಾಜಕಕಾಂಡದಲ್ಲಿ ‘ಮೀಟ್ ಆಫರಿಂಗ್’ ಎಂಬ ನೈವೇದ್ಯ ಬರುತ್ತದೆ. ಬೇಕಾಗುವ ಸಾಮಾನು ನಯವಾದ ಹಿಟ್ಟು, ಎಣ್ಣೆ, ಧೂಪ. ಮಾಂಸದ ಚೂರೂ ಇಲ್ಲ! ಅನುವಾದಕರು ಎಡವಿದ್ದಲ್ಲ, ಆಗ ಮೀಟ್ ಎಂದರೆ ಊಟ ಎಂಬ ಅರ್ಥವೂ ಚಾಲ್ತಿಯಲ್ಲಿತ್ತು. ಓದುಗರಿಗೆ ಅದು ಮರೆತುಹೋಗಿ, 1885ರ ಪರಿಷ್ಕರಣೆಯಲ್ಲಿ ‘ಮೀಲ್ ಆಫರಿಂಗ್’ ಎಂದು ತಿದ್ದಬೇಕಾಯಿತು.

ಹಳೆಯ ಇಂಗ್ಲಿಷಿನ ‘ಮೆಟೆ’ ಬರೀ ಆಹಾರ. ಸ್ವೀಡಿಷ್ ಭಾಷೆಯಲ್ಲಿ ‘ಮಾತ್’ ಈಗಲೂ ಊಟವೇ. ಮೈಯಲ್ಲಿರುವ ಮಾಂಸಕ್ಕೂ ಸಾರಿಗೆ ಹಾಕುವ ಮಾಂಸಕ್ಕೂ ಇಂಗ್ಲಿಷರು ‘ಫ್ಲೆಶ್’ ಎನ್ನುತ್ತಿದ್ದರು. ಜರ್ಮನ್ನರು ಮಾಂಸದಂಗಡಿಯಲ್ಲಿ ಇವತ್ತಿಗೂ ಕೇಳುವುದು ‘ಫ್ಲೈಶ್’. ಮಧ್ಯಯುಗದಲ್ಲಿ ಮೀಟ್ ಮೆಲ್ಲಗೆ ಮಾಂಸದತ್ತ ವಾಲಿತು, ಅದರ ಹಳೆಯ ಜಾಗಕ್ಕೆ ‘ಫುಡ್’ ಬಂತು. ಫ್ಲೆಶ್ ತಟ್ಟೆಯಿಂದ ಎದ್ದು ಹೆಚ್ಚಾಗಿ ಮೈಗೂ ಪಾದ್ರಿಗಳ ಉಪದೇಶಕ್ಕೂ ಮೀಸಲಾಯಿತು. ಹಳೆಯ ಅರ್ಥ ಉಳಿದಿರುವುದು ‘ಸ್ವೀಟ್‌ಮೀಟ್’ನಂಥ ಮೂಲೆಗಳಲ್ಲಿ. ಶುದ್ಧ ಸಸ್ಯಾಹಾರಿಗಳು ನಿಶ್ಚಿಂತೆಯಿಂದ ತಿನ್ನಬಹುದಾದ ಮೀಟ್ ಅದೊಂದೇ ಇರಬೇಕು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಬೀಫ್, ಪೋರ್ಕ್, ಮಟನ್ ಫ್ರೆಂಚಿನಿಂದ ಬಂದವು. ಹಟ್ಟಿಯಲ್ಲಿ ಸಾಕುವವನದು ಇಂಗ್ಲಿಷ್ ಹೆಸರು, ಪಂಕ್ತಿಯಲ್ಲಿ ಉಣ್ಣುವ ದೊರೆಯದು ಫ್ರೆಂಚ್ ಹೆಸರು ಎಂಬ ಮಾತನ್ನು ವಾಲ್ಟರ್ ಸ್ಕಾಟ್ ‘ಐವನ್ಹೋ’ (1819) ಕಾದಂಬರಿಯಲ್ಲಿ ವಿದೂಷಕ ವಾಂಬಾನ ಬಾಯಲ್ಲಿ ಆಡಿಸಿದ. ಕೇಳಲು ಸೊಗಸು, ಆದರೆ ಗೆರೆ ಅಷ್ಟು ನೇರವಾಗಿರಲಿಲ್ಲ. ಅದೇ 1611ರ ಬೈಬಲಿನಲ್ಲಿ ಬಲಿಗೆ ತರುವ ಜೀವಂತ ದನಗಳನ್ನು ‘ಬೀವ್ಸ್’, ಅಂದರೆ ಬೀಫ್‌ನ ಬಹುವಚನದಲ್ಲೇ ಕರೆದಿದ್ದಾರೆ. ಇನ್ನು ಮಟನ್: ಫ್ರೆಂಚಿನಲ್ಲಿ ಅದು ಕುರಿ, ನಮ್ಮೂರ ಅಂಗಡಿಯಲ್ಲಿ ಆಡೂ ಆದೀತು.

ವೈದ್ಯರು, ಪಂಡಿತರು ನೆಚ್ಚಿದ್ದು ಲ್ಯಾಟಿನ್, ಗ್ರೀಕನ್ನು. ‘ಮಸಲ್’ನ ಮೂಲ ಲ್ಯಾಟಿನ್ನಿನ ‘ಮುಸ್ಕುಲುಸ್’, ಎಂದರೆ ಪುಟ್ಟ ಇಲಿ. ತೋಳು ಮಡಚಿದಾಗ ಚರ್ಮದಡಿ ಏನೋ ಓಡಿದಂತೆ ಕಂಡಿರಬೇಕು. ನಮ್ಮ ಮೂಷಿಕ ಇದರ ದೂರದ ನೆಂಟ. ಗ್ರೀಕಿನಲ್ಲಿ ಮಾಂಸ ‘ಸಾರ್ಕ್ಸ್’. ಸಾರ್ಕೋಮ ಗಡ್ಡೆಯ ಹೆಸರು ಅಲ್ಲಿಯದೇ. ಚುಚ್ಚುಮಾತಿಗೆ ಹೇಳುವ ‘ಸಾರ್ಕ್ಯಾಸಂ’ ಕೂಡ. ಅದರ ಹಿಂದಿನ ಕ್ರಿಯಾಪದಕ್ಕೆ ನಾಯಿಗಳಂತೆ ಮಾಂಸ ಹರಿಯುವುದು ಎಂದರ್ಥ. ಕಲ್ಲಿನ ಶವಪೆಟ್ಟಿಗೆಯಾದ ‘ಸಾರ್ಕೋಫಗಸ್’ ಮಾಂಸಭಕ್ಷಕ. ಏಷ್ಯಾ ಮೈನರಿನ ಅಸ್ಸೋಸ್‌ನಲ್ಲಿ ಸಿಗುವ ಕಲ್ಲಿನೊಳಗೆ ಹೆಣವಿಟ್ಟರೆ 40 ದಿನಗಳಲ್ಲಿ ಹಲ್ಲು ಬಿಟ್ಟು ಉಳಿದದ್ದೆಲ್ಲ ಕರಗುತ್ತದೆ ಎಂದು ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ.