ಕೂಸಿಗಿಂತ ಮೊದಲೇ ಕುಲಾವಿ

'ಕೂಸು ಹುಟ್ಟುವ ಮೊದಲೇ ಕುಲಾವಿ' ಎಂಬ ಗಾದೆಯನ್ನು ಸಂಘದ ಸಭೆಗಳಲ್ಲಿ ಕೇಳದವರು ವಿರಳ. ಭವನಕ್ಕೆ ಜಾಗ ಸಿಗುವ ಮುನ್ನವೇ ಉದ್ಘಾಟನೆಗೆ ಯಾರನ್ನು ಕರೆಯಬೇಕೆಂಬ ಚರ್ಚೆ ಎದ್ದರೆ ಹಿರಿಯ ಸದಸ್ಯರೊಬ್ಬರ ಬಾಯಿಂದ ಅದು ಬಂದೇ ಬರುತ್ತದೆ. ಆದರೆ ನಿಜವಾದ ಕುಲಾವಿಯ ಮಟ್ಟಿಗೆ ಈ ಗಾದೆ ತಪ್ಪು. ಟೋಪಿ ಕೂಸಿಗಿಂತ ಮೊದಲೇ ಸಿದ್ಧವಿರಬೇಕು.

ಧಾರವಾಡ, ಬೆಳಗಾವಿ ಕಡೆಯ ಸಣ್ಣ ಊರುಗಳಲ್ಲಿ ದೀಪಾವಳಿ ಕಳೆದು ಚಳಿ ಬಿತ್ತೆಂದರೆ ಮಧ್ಯಾಹ್ನದ ಕಟ್ಟೆಗಳ ಮೇಲೆ ಉಲ್ಲನ್ ಉಂಡೆಗಳು ಕಾಣುತ್ತಿದ್ದವು. ಊಟ ಮುಗಿಸಿ, ಪಾತ್ರೆ ತೊಳೆದು ಬಂದ ಹೆಂಗಸರ ಕೈಯಲ್ಲಿ ಎರಡು ಸೂಜಿ. ಕಣ್ಣು ಬೀದಿಯ ಮೇಲೆ, ಮಾತು ನೆರೆಮನೆಯ ಸೊಸೆಯ ಮೇಲೆ, ಬೆರಳು ಮಾತ್ರ ಸೀದಾ-ಉಲ್ಟಾ ಲೆಕ್ಕ ತಪ್ಪುತ್ತಿರಲಿಲ್ಲ. ಕಲಿಯುವ ಹುಡುಗಿಗೆ ಮೊದಲ ಪಾಠ ಅಜ್ಜನ ಮಫ್ಲರ್. ಏರಿಸುವುದಿಲ್ಲ, ಇಳಿಸುವುದಿಲ್ಲ, ನೆಟ್ಟಗೆ ಹೆಣೆಯುತ್ತ ಹೋದರಾಯಿತು. ನಡುವೆ ಒಂದು ಕುಣಿಕೆ ಬಿಟ್ಟುಹೋದರೂ ಅಜ್ಜ ದೂರು ಹೇಳುವವನಲ್ಲ. ಬಾಣಂತಿಯ ಕಿವಿಗೆ ಸ್ಕಾರ್ಫ್, ಕೂಸಿಗೆ ಕುಲಾವಿ ಆಮೇಲಿನ ತರಗತಿ.

ಆದರೂ ತಮ್ಮ ಮನೆಯ ಬಸುರಿಗೆಂದು ಮುಂಚಿತವಾಗಿ ಕುಲಾವಿ ಹಾಕಲು ಅನೇಕರ ಕೈ ಹಿಂಜರಿಯುತ್ತಿತ್ತು. ಹೆರಿಗೆಯಲ್ಲಿ ಏನು ಬೇಕಾದರೂ ಆಗಬಹುದಾಗಿದ್ದ ಕಾಲದ ಭಯವದು. ಕುಬಸದಲ್ಲಿ ಸೀರೆ, ತಿಂಡಿ ಎಲ್ಲ ಉಂಟು, ಹುಟ್ಟಲಿರುವ ಕೂಸಿಗೆ ಹೊಸ ಬಟ್ಟೆ ಮಾತ್ರ ಬೇಡ. ಹುಟ್ಟಿದ ಮೇಲೆ ಹಳೆಯ ಮೆತ್ತನೆ ಬಟ್ಟೆ, ಚೆನ್ನಾಗಿ ಬೆಳೆದ ನೆಂಟರ ಮಗುವಿನ ಟೋಪಿ ತಂದು ತೊಡಿಸುವುದು. ಇದನ್ನು ಮೂಢನಂಬಿಕೆ ಎಂದು ತಳ್ಳಿಬಿಡುವುದು ಸುಲಭ. ಕೂಸು ಕಳೆದುಕೊಂಡ ಮನೆಯಲ್ಲಿ ಉಳಿದುಬಿಡುವ ಹೊಸ ಟೋಪಿಯನ್ನು ಕಂಡವರು ಹಾಗೆ ಹೇಳಲಾರರು.

ವೈದ್ಯಶಾಸ್ತ್ರ ಹೇಳುವುದು ಬೇರೆ. ತಾಯಿಯ ಗರ್ಭದಲ್ಲಿ ಸುಮಾರು 37 ಡಿಗ್ರಿ ಶಾಖದಲ್ಲಿದ್ದ ಕೂಸು ಒದ್ದೆ ಮೈಯಲ್ಲಿ ಹೊರಬರುತ್ತದೆ. ಅದರ ಎತ್ತರದ ಕಾಲು ಭಾಗ ತಲೆಯೇ. ಒರೆಸಿ ಮುಚ್ಚದಿದ್ದರೆ ಶಾಖ ಬೇಗ ಸೋರಿಹೋಗುತ್ತದೆ. 'ಮುಂಬಯಿಯಲ್ಲಿ ಚಳಿ ಎಲ್ಲಿದೆ?' ಎಂದು ಕೇಳುವವರು ಆಸ್ಪತ್ರೆಯ ಎ.ಸಿ. ಯನ್ನು ನೆನೆಯಬೇಕು. ಹೆರಿಗೆ ಕೋಣೆ ಕನಿಷ್ಠ 25 ಡಿಗ್ರಿ ಬೆಚ್ಚಗಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ ಕೂಸುಗಳಿಗಂತೂ ಇದು ಜೀವದ ಪ್ರಶ್ನೆ. ಕೊಲಂಬಿಯಾದ ಬೊಗೋಟಾದಲ್ಲಿ 1978ರಲ್ಲಿ ಡಾ. ಎಡ್ಗರ್ ರೇ ಅವರು ಆರಂಭಿಸಿದ 'ಕಾಂಗರೂ ಆರೈಕೆ'ಯಲ್ಲಿ ಕೂಸನ್ನು ತಾಯಿಯ ಬರಿ ಎದೆಗೆ ಅಪ್ಪಿಸಿ ಕಟ್ಟುತ್ತಾರೆ. ಕೂಸಿನ ಮೈಮೇಲೆ ಲಂಗೋಟಿ, ಕಾಲುಚೀಲ ಮತ್ತು ಟೋಪಿ ಮಾತ್ರ. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. 1 ಕಿಲೋದಿಂದ 1.8 ಕಿಲೋದೊಳಗಿನ ಕೂಸುಗಳವು. ಸ್ಥಿತಿ ಸುಧಾರಿಸಿದ ಮೇಲೆ ಎದೆಗಪ್ಪಿಸಿದವುಗಳಲ್ಲಿ 28 ದಿನದೊಳಗೆ ನೂರಕ್ಕೆ 15.7 ತೀರಿಕೊಂಡರೆ, ಹುಟ್ಟಿದ ಕೂಡಲೇ ಅಪ್ಪಿಸಿದವುಗಳಲ್ಲಿ ಅದು 12ಕ್ಕೆ ಇಳಿದಿತ್ತು. ಹೆಚ್ಚಿನ ಪುಣ್ಯ ತಾಯಿಯ ಎದೆಗೇ ಸೇರಬೇಕು, ಟೋಪಿಗಲ್ಲ. ಆದರೆ ಆ ಹೊತ್ತಿಗೆ ಟೋಪಿ ಕೈಗೆ ಸಿಗಬೇಕಲ್ಲ!

ಇಲ್ಲಿಯೇ ಮಹಿಳಾ ವಿಭಾಗಗಳಿಗೆ ಒಂದು ಕೆಲಸವಿದೆ. ಆಸ್ಪತ್ರೆಗೆಂದು ಹೆಣೆದ ಟೋಪಿ ಯಾರ ಮನೆಯ ಕೂಸಿನದೂ ಅಲ್ಲ. ಹೀಗಾಗಿ ಅಜ್ಜಿಯರ ಆ ಹಳೆಯ ಹಿಂಜರಿಕೆಯೂ ಅಡ್ಡ ಬರುವುದಿಲ್ಲ. ಹೊರಡುವ ಮೊದಲು ಆಸ್ಪತ್ರೆಯ ಮಕ್ಕಳ ವಿಭಾಗದವರನ್ನು ಕೇಳಿ ಅಳತೆ, ನೂಲು ತಿಳಿದುಕೊಳ್ಳುವುದು ಒಳ್ಳೆಯದು. ತುಂಬು ತಿಂಗಳ ಕೂಸಿನ ತಲೆ ಸುತ್ತಳತೆ ಸುಮಾರು 34 ಸೆಂಟಿಮೀಟರ್. ಹೆಣಿಗೆ ಹಿಗ್ಗುವುದರಿಂದ ಟೋಪಿ ಎರಡು ಮೂರು ಸೆಂಟಿಮೀಟರ್ ಕಡಿಮೆಯೇ ಇರಲಿ. ನೂಲು ಮೆತ್ತಗಿರಬೇಕು, ಎಳೆ ಉದುರಬಾರದು. ಹಳೆಯ ಕುಲಾವಿಯಂತೆ ಗಲ್ಲದ ಕೆಳಗೆ ಕಟ್ಟುವ ದಾರ ಬೇಡ, ಅದು ಕುತ್ತಿಗೆಗೆ ಅಪಾಯ. ಗುಂಡಿ, ಮಣಿ, ಗೊಂಡೆಯೂ ಬೇಡ. ಇನ್ನೊಂದು ಮಾತು: ಆರೋಗ್ಯವಂತ ಕೂಸು ಮನೆಗೆ ಬಂದ ಮೇಲೆ ಮುಂಬಯಿಯ ಸೆಕೆಯಲ್ಲಿ ಟೋಪಿ ಹಾಕಿ ಮಲಗಿಸಬಾರದು. ಮೈ ಅತಿಯಾಗಿ ಬಿಸಿಯಾಗುವುದೂ ಕೇಡೇ.

ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಒಂದು ಕಾಲಕ್ಕೆ ಸೊಪ್ಪು ಬಿಡಿಸುವವರ ಪಕ್ಕದಲ್ಲೇ ಸ್ವೆಟರ್ ಹೆಣೆಯುವವರು ಕೂರುತ್ತಿದ್ದರು. ಈಗ ಆ ಬೆರಳುಗಳು ಮೊಬೈಲ್ ಮೇಲಿವೆ. ಕಲಿತ ಕೈ ಮಾತ್ರ ಮರೆತಿಲ್ಲ. ಹತ್ತು ಸಾಲು ತಡವರಿಸಿ, ಹನ್ನೊಂದನೆಯದಕ್ಕೆ ದಾರಿ ಹಿಡಿಯುತ್ತದೆ.

ಖರ್ಚು ದೊಡ್ಡದಲ್ಲ. ಪುಟ್ಟ ಟೋಪಿಗೆ 20-25 ಗ್ರಾಂ ನೂಲು ಸಾಕು. ಜನವರಿಯ ಅರಸಿನ ಕುಂಕುಮಕ್ಕೆ ಬಂದವರಿಗೆ ಮತ್ತೊಂದು ಸ್ಟೀಲ್ ಡಬ್ಬಿಯ ಬದಲು 50 ಗ್ರಾಮಿನ ಉಂಡೆ ಕೊಟ್ಟು ಕಳಿಸಿದರೆ, ಮುಂದಿನ ಸಭೆಗೆ ಪ್ರತಿಯೊಬ್ಬರಿಂದ ಎರಡು ಟೋಪಿ ಮರಳಿ ಬರಬೇಕು.