ಬೆನ್ನಿಗೇರುವ ಸೂರು

1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ ಅಮೆರಿಕದ ಅಪಲಾಚಿಯನ್ ಟ್ರೇಲ್ ಹಿಡಿದು ಒಬ್ಬರೇ ಹೊರಟರು. ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕಿದ ಕಾಡುದಾರಿ ಅದು. ಹೆಗಲಿಗೆ ತಾವೇ ಹೊಲಿದ ಡೆನಿಮ್ ಚೀಲ, ಕಾಲಿಗೆ ಕ್ಯಾನ್ವಾಸ್ ಶೂ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಗುಡಾರವೇ ಇಲ್ಲ. ಅದೇ ವರ್ಷ ದಾರಿಯನ್ನು ಕೊನೆ ಮುಟ್ಟಿಸಿದರು. ಹಗುರ ಗುಡಾರದ ಕಥೆಯನ್ನು ಆ ಪರದೆಯಿಂದಲೇ ಶುರುಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಗೇಟ್‌ವುಡ್ ಅವರ ಧೈರ್ಯವನ್ನು ವಿದ್ಯೆಯಾಗಿಸಿದವರು ರೇ ಜಾರ್ಡೀನ್. ಪತ್ನಿ ಜೆನ್ನಿಯೊಂದಿಗೆ ಅವರು ಸುಮಾರು 4,260 ಕಿ.ಮೀ. ಉದ್ದದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ನಡೆದರು. ಗೋಡೆ, ತಳ ಏನೂ ಇಲ್ಲದ ಬರಿಯ ಟಾರ್ಪ್ ಬಟ್ಟೆ ಸಾಕೆಂದು ಪುಸ್ತಕ ಬರೆದರು, ಮನೆಯಲ್ಲೇ ಹೊಲಿದುಕೊಳ್ಳಿ ಎಂದರು. ಮುಂದೆ ಹೆನ್ರಿ ಶೈರ್ಸ್ ಎಂಬವರು ಟಾರ್ಪಿಗೆ ಸೊಳ್ಳೆಪರದೆ ಸೇರಿಸಿ 'ಟಾರ್ಪ್‌ಟೆಂಟ್' ಮಾಡಿ, ಅದರ ನಕ್ಷೆಯನ್ನು ಯಾರು ಬೇಕಾದರೂ ಹೊಲಿದುಕೊಳ್ಳಲೆಂದು ಪುಕ್ಕಟೆ ಹಂಚಿದರು. ಉಂಬಳ ಹತ್ತಿಸಿಕೊಂಡ ಮಲೆನಾಡಿಗರಿಗೆ ಪರದೆ, ತಳ ಎರಡರ ಬೆಲೆಯನ್ನೂ ವಿವರಿಸಬೇಕಿಲ್ಲ.

ತೂಕ ಇಳಿಯುವುದು ಮೊದಲು ಕೋಲುಗಳಲ್ಲಿ. ನಡೆಯುವಾಗ ಊರಿಕೊಳ್ಳುವ ಕೋಲೇ ರಾತ್ರಿ ಕಂಬವಾದರೆ ಬೇರೆ ಅಲ್ಯುಮಿನಿಯಂ ಕಡ್ಡಿ ಹೊರಬೇಕಿಲ್ಲ. ಆಮೇಲೆ ಬಟ್ಟೆ. ಸಿಲಿಕೋನ್ ಕುಡಿಸಿದ ತೆಳು ನೈಲಾನ್ ಚದರ ಮೀಟರಿಗೆ ಸುಮಾರು 45 ಗ್ರಾಂ. ಎರಡೂವರೆ ಮೀಟರ್ ಅಗಲ, ಮೂರು ಮೀಟರ್ ಉದ್ದದ ಟಾರ್ಪಿಗೆ ಬಟ್ಟೆಯ ತೂಕ ಸುಮಾರು ಮುನ್ನೂರ ನಲವತ್ತು ಗ್ರಾಂ ಅಷ್ಟೆ. ಆದರೆ ನೈಲಾನ್ ನೀರು ಹೀರಿ ಹಿಗ್ಗುತ್ತದೆ. ಸಂಜೆ ಬಿಗಿಯಾಗಿದ್ದ ಗುಡಾರ ಮಳೆಯಲ್ಲಿ ನಡುರಾತ್ರಿ ಜೋಲುತ್ತದೆ, ಎದ್ದು ಹಗ್ಗ ಬಿಗಿಯಬೇಕು. ಪಾಲಿಯೆಸ್ಟರಿಗೆ ಈ ಚಾಳಿ ಕಡಿಮೆ. ಹಾಯಿದೋಣಿಗಳ ಹಾಯಿಗೆಂದು ಹುಟ್ಟಿ ಈಗ ಡೈನೀಮಾ ಕಾಂಪೊಸಿಟ್ ಎನಿಸಿಕೊಂಡಿರುವ ಬಟ್ಟೆ ಇನ್ನೂ ಹಗುರ, ನೀರಿಗೆ ಹಿಗ್ಗದು; ಬೆಲೆ ಮಾತ್ರ ಬಹಳ ದುಬಾರಿ.

ಆದರೂ ಕಸುಬಿನ ಜೀವ ಇರುವುದು ಕತ್ತರಿಯಲ್ಲಿ. ಗುಡಾರದ ನೆತ್ತಿಯನ್ನು ನೆಟ್ಟಗೆ ಕತ್ತರಿಸಿ ಹೊಲಿದರೆ, ಎಷ್ಟೇ ಎಳೆದು ಕಟ್ಟಿದರೂ ನಡುವೆ ಸಡಿಲ ಉಳಿಯುತ್ತದೆ, ಗಾಳಿಗೆ ಪಟಪಟ ಬಡಿಯುತ್ತದೆ, ಸುಕ್ಕಿನಲ್ಲಿ ನೀರು ನಿಲ್ಲುತ್ತದೆ. ಎರಡೂ ತುದಿ ಹಿಡಿದ ಸರಪಳಿ ತಾನಾಗಿ ಜೋತು ಪಡೆಯುವ ಬಾಗು ಇದೆಯಲ್ಲ, ಅದೇ ಬಾಗಿನಲ್ಲಿ ಕತ್ತರಿಸಬೇಕು. ಮೂರು ಮೀಟರ್ ನೆತ್ತಿಗೆ ಏಳೆಂಟು ಸೆಂಟಿಮೀಟರ್ ತಗ್ಗಿದರೂ ಸಾಕು, ಎಳೆತ ಇಡೀ ಬಟ್ಟೆಗೆ ಹಂಚಿಹೋಗಿ ಅದು ಮದ್ದಳೆಯ ಚರ್ಮದಂತೆ ಬಿಗಿಯುತ್ತದೆ. ಒಂದು ಗ್ರಾಂ ಕೂಡ ಸೇರಿಸದೆ ಬಲ ಕೊಡುವ ಈ ಬಾಗಿಗಿಂತ ಚೆಂದದ ಉಪಾಯ ಇಡೀ ಗುಡಾರದಲ್ಲಿ ಮತ್ತೊಂದಿಲ್ಲ.

ಹೊರಗಿನ ಮಳೆಯನ್ನು ತಡೆದ ಬಟ್ಟೆ ಒಳಗಿನ ಉಸಿರನ್ನೂ ತಡೆಯುತ್ತದೆ. ತಿಳಿ ಆಗಸದ ರಾತ್ರಿ ಬಟ್ಟೆ ಸುತ್ತಲಿನ ಗಾಳಿಗಿಂತ ತಣ್ಣಗಾಗಿ, ಒಳಮೈಯಲ್ಲಿ ಹನಿ ಕಟ್ಟುತ್ತದೆ. ಬೆಳಗ್ಗೆ ಮಲಗುವ ಚೀಲ ಒದ್ದೆಯಾದರೆ ಬಹಳ ಜನ ಸೋರಿತೆಂದು ದೂರುತ್ತಾರೆ. ಬಹುಪಾಲು ಅದು ಅವರದೇ ಉಸಿರು. ಕೆಳ ಅಂಚಿನಲ್ಲಿ ಅಂಗೈಯಷ್ಟು ಸಂದಿ, ನೆತ್ತಿಯಲ್ಲಿ ಒಂದು ಕಿಂಡಿ ಇರಲೇಬೇಕು. ಹಳ್ಳದ ಬದಿ ಬಿಟ್ಟು ಸ್ವಲ್ಪ ಎತ್ತರದಲ್ಲಿ, ಮರದ ಕೆಳಗೆ ಹೂಡಿದರೆ ಅರ್ಧ ತೊಂದರೆ ಅಲ್ಲೇ ನೀಗುತ್ತದೆ.

ಇಬ್ಬರ ಗುಡಾರ ಒಬ್ಬರದರ ಎರಡರಷ್ಟಲ್ಲ. ಒಬ್ಬರಿಗೆ ತಳ 75 ಸೆಂಟಿಮೀಟರ್ ಅಗಲವಿದ್ದರೆ ಆಯಿತು, ಇಬ್ಬರಿಗೆ 130 ಹಿಡಿಸುತ್ತದೆ. ಆದ್ದರಿಂದ ತಲೆಗೆ ಬರುವ ಹೊರೆ ಇಳಿಯುತ್ತದೆ. ಬಟ್ಟೆ ಒಬ್ಬರು, ಗೂಟ ಹಗ್ಗ ಇನ್ನೊಬ್ಬರು ಹೊರಬಹುದು. ಆದರೆ ಉಸಿರು ಮಾತ್ರ ಎರಡರಷ್ಟು, ಕಿಂಡಿ ದೊಡ್ಡದಾಗಬೇಕು. ಬಾಗಿಲು ಒಂದೇ ಇದ್ದರೆ ಒಳಬದಿ ಮಲಗಿದವರು ರಾತ್ರಿ ಜೊತೆಗಾರರನ್ನು ದಾಟಿ ಹೋಗಬೇಕು. ಎರಡನೆಯ ಜಿಪ್ಪಿನ ತೂಕ ಹೊರುವುದೇ ಲೇಸು. ಉದ್ದದಲ್ಲೂ ಜಿಪುಣತನ ಬೇಡ: ಇಳಿಜಾರು ಗೋಡೆಗೆ ಕಾಲು ತಾಗಿದರೆ ಹನಿಯೆಲ್ಲ ಹೊದಿಕೆಗೇ.

ಹೊಲಿಯುವ ಮನಸ್ಸಿದ್ದರೆ ಮೊದಲು ಹಳೆಯ ಬೆಡ್‌ಶೀಟಿನಲ್ಲಿ ಹೊಲಿದು ನೋಡಿ. ಅಳತೆ ಸರಿಹೋದ ಮೇಲೆ ಒಳ್ಳೆಯ ಬಟ್ಟೆ ಕೊಂಡು ಹೊಲಿಯಿರಿ, ಹೊಲಿಗೆಯ ಗೆರೆಗಳಿಗೆಲ್ಲ ಸಿಲಿಕೋನ್ ಅಂಟು ಬಳಿಯಿರಿ. ಬೆಟ್ಟಕ್ಕೆ ಒಯ್ಯುವ ಮುನ್ನ ಮನೆಯ ಹಿತ್ತಿಲಲ್ಲಿ ಒಂದು ಮಳೆಯ ರಾತ್ರಿ ಅದರಲ್ಲಿ ಮಲಗಿ.