ಗೇಮ್ ಮಕ್ಕಳಿಗಾಗಿ ಮಾಡಿದ್ದಾ, ಅಲ್ವಾ? ಫೋನ್ ಕೈಗೆ ಕೊಡೋ ಮೊದಲು ಇಷ್ಟು ನೋಡಿ

ಮಿರ್ಜಾನ: ಶಾಲೆ ಬಿಟ್ಟ ಮೇಲೆ ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಈ ದೃಶ್ಯ ಸಾಮಾನ್ಯ. ಗಲ್ಲಾಪೆಟ್ಟಿಗೆ ಪಕ್ಕ ಮಗು, ಮಗುವಿನ ಕೈಯಲ್ಲಿ ಅಪ್ಪನ ಫೋನು, ಫೋನಿನಲ್ಲಿ ಓಡುವ ಬೆಕ್ಕಿನ ಗೇಮು. ಗಿರಾಕಿ ದುಡ್ಡು ಹಾಕಿದ ಮೆಸೇಜ್ ಬರೋದೂ ಅದೇ ಫೋನಿಗೆ. ಉದ್ರಿ ಒಯ್ದವರ ನಂಬರ್ ಇರೋದೂ ಅದೇ ಫೋನಲ್ಲಿ.

"ಸುಮ್ನೆ ಆಡ್ಕೊಂಡು ಇರ್ತದೆ, ಎಂತ ಆಗ್ತದೆ ಬಿಡಿ" ಅನ್ನೋದು ಹೆಚ್ಚಿನವರ ಮಾತು. ಆದರೆ ಪುಕ್ಕಟೆ ಗೇಮ್ ಪೂರ್ತಿ ಪುಕ್ಕಟೆ ಅಲ್ಲ. ಇಂಥ ಬಹಳಷ್ಟು ಗೇಮ್‌ಗಳು ದುಡಿಯೋದು ಜಾಹೀರಾತಿನಿಂದ. ಸರಿಯಾದವರಿಗೆ ಸರಿಯಾದ ಜಾಹೀರಾತು ತೋರಿಸಬೇಕು ಅಂದರೆ ಫೋನಿನ ಗುರುತಿನ ಸಂಖ್ಯೆ, ಆಡುವವರು ಎಲ್ಲಿದ್ದಾರೆ, ಎಷ್ಟು ಹೊತ್ತು ಆಡಿದರು, ಯಾವುದನ್ನು ಒತ್ತಿದರು ಎಂಬ ಲೆಕ್ಕ ಕಂಪನಿಗೆ ಬೇಕು. ಕೆಲವು ದಿನದ ಲೆಕ್ಕ ಸೇರಿಸಿದರೆ ಮನೆ ಎಲ್ಲಿ, ಶಾಲೆ ಎಲ್ಲಿ, ಸಂಜೆ ಟ್ಯೂಶನ್ ಎಲ್ಲಿ ಅಂತ ತಿಳಿಯುತ್ತದೆ.

ದೊಡ್ಡವರು ಒಪ್ಪಿಗೆ ಕೊಟ್ಟು ಇದನ್ನೆಲ್ಲ ಕೊಟ್ಟರೆ ಅದು ಅವರ ಇಷ್ಟ. ಮಕ್ಕಳ ವಿಷಯದಲ್ಲಿ ಕಾನೂನು ಬೇರೆ. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ: ಈ ಗೇಮ್ ಮಾಡಿದ್ದು ಯಾರಿಗಾಗಿ?

3+ ಅಂತ ಬರೆದಿದ್ದರೆ ಸಾಲದು

ಪ್ಲೇಸ್ಟೋರ್‌ನಲ್ಲಿ 3+ ಅಂತ ಕಂಡ ಕೂಡಲೇ ಮಕ್ಕಳ ಗೇಮ್ ಅಂದುಕೊಳ್ಳುವವರು ಬಹಳ ಜನ. ಅದು ತಪ್ಪು ಲೆಕ್ಕ. ಆ ಸಂಖ್ಯೆ ಹೇಳೋದು ಗೇಮಿನೊಳಗೆ ಹೊಡೆದಾಟ, ರಕ್ತ, ಕೆಟ್ಟ ಮಾತು ಎಷ್ಟಿದೆ ಅನ್ನೋದನ್ನು ಮಾತ್ರ. ಕ್ಯಾಲ್ಕುಲೇಟರ್‌ಗೂ, ದುಡ್ಡು ಕಳಿಸುವ ಆ್ಯಪ್‌ಗೂ 3+ ಇರುತ್ತದೆ. ಅವೇನು ಮಕ್ಕಳ ಆ್ಯಪ್ ಅಲ್ಲ. ಆ್ಯಪ್ ಯಾವ ಮಾಹಿತಿ ಒಯ್ಯುತ್ತದೆ ಅನ್ನೋದಕ್ಕೂ ಆ ಸಂಖ್ಯೆಗೂ ಸಂಬಂಧ ಇಲ್ಲ.

ಹಾಗಾದರೆ ಅಳೆಯೋದು ಹೇಗೆ?

ಈ ಅಳತೆಯನ್ನು ಹೆಚ್ಚು ಬಿಡಿಸಿ ಬರೆದಿರೋದು ಅಮೆರಿಕದ ಕಾನೂನಿನಲ್ಲಿ. 'ಕೋಪ್ಪಾ' ಎಂಬ ಆ ಕಾನೂನು ಬಂದಿದ್ದು 1998ರಲ್ಲಿ, ಜಾರಿಯಾಗಿದ್ದು 2000ದಲ್ಲಿ. ಅಲ್ಲಿ 13 ವರ್ಷದೊಳಗಿನವರ ಮಾಹಿತಿ ಪಡೆಯೋಕೆ ತಂದೆ ತಾಯಿಯ ಒಪ್ಪಿಗೆ ಬೇಕು. ನೋಡಿಕೊಳ್ಳುವುದು ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಎಫ್‌ಟಿಸಿ.

ಕಂಪನಿ "ನಮ್ಮ ಗೇಮ್ ದೊಡ್ಡವರಿಗೆ" ಅಂತ ಬರೆದುಕೊಂಡರೆ ಎಫ್‌ಟಿಸಿ ಅದನ್ನು ಹಾಗೇ ಒಪ್ಪೋದಿಲ್ಲ. ಗೇಮಿನ ವಿಷಯ ಏನು, ಚಿತ್ರ ಹೇಗಿದೆ, ಕಾರ್ಟೂನ್ ಪಾತ್ರಗಳಿವೆಯಾ, ಹಾಡು ಮತ್ತು ಸದ್ದು ಎಂಥದ್ದು, ಭಾಷೆ ಎಷ್ಟು ಸರಳ, ಬಹುಮಾನದ ಆಸೆ ಯಾರಿಗೆ ಹಿಡಿಸುವಂಥದ್ದು, ಒಳಗೆ ಬರುವ ಜಾಹೀರಾತು ಆಟಿಕೆಯದ್ದಾ ಸಾಲದ್ದಾ, ನಿಜವಾಗಿ ಆಡ್ತಾ ಇರೋದು ಯಾರು ಎಂಬುದನ್ನೆಲ್ಲ ಒಟ್ಟಿಗೆ ತೂಗಿ ನೋಡುತ್ತದೆ. ಒಂದೇ ಲಕ್ಷಣದಿಂದ ತೀರ್ಮಾನ ಆಗೋದಿಲ್ಲ.

ಅಂಗಡಿಯವರಿಗೆ ಇದು ಬೇಗ ಅರ್ಥ ಆಗ್ತದೆ. ಪೆಪ್ಪರಮೆಂಟ್ ಬಾಟಲಿಯನ್ನು ಮಗುವಿನ ಕಣ್ಣಿನ ಎತ್ತರಕ್ಕೆ ಇಟ್ಟು, "ನಾನು ಇಟ್ಟಿದ್ದು ದೊಡ್ಡವರಿಗೆ" ಅಂದರೆ ಯಾರು ನಂಬುತ್ತಾರೆ?

ಬೆಕ್ಕಿನ ಗೇಮಿಗೆ ದಂಡ

2020ರಲ್ಲಿ ಹೈಪರ್‌ಬಿಯರ್ಡ್ ಎಂಬ ಗೇಮ್ ಕಂಪನಿ ಹೀಗೇ ಸಿಕ್ಕಿಬಿತ್ತು. ಅದರ 'ಕ್ಲೆಪ್ಟೋಕ್ಯಾಟ್ಸ್' ಮತ್ತಿತರ ಗೇಮ್‌ಗಳಲ್ಲಿ ಬೆಕ್ಕು, ಮೊಲದಂಥ ಗಾಢ ಬಣ್ಣದ ಕಾರ್ಟೂನ್ ಪಾತ್ರಗಳು. ಆಡೋದು ಸುಲಭ, ದುಡ್ಡು ಕೊಡಬೇಕಿಲ್ಲ. ಇವು ಮಕ್ಕಳ ಗೇಮ್‌ಗಳೇ, ಆದರೂ ಜಾಹೀರಾತು ಕಂಪನಿಗಳಿಗೆ ಮಕ್ಕಳ ಗುರುತು ಸಿಗೋಕೆ ಬಿಟ್ಟಿದ್ದಾರೆ ಅಂತ ಎಫ್‌ಟಿಸಿ ಆರೋಪಿಸಿತು. ಕಂಪನಿ 1.5 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು.

ದೊಡ್ಡ ಹುಡುಗರು ಆಡುವ ಗೇಮ್‌ಗಳೂ ಈ ಲೆಕ್ಕದಿಂದ ಹೊರಗಿಲ್ಲ. 'ಫೋರ್ಟ್‌ನೈಟ್' ಮಾಡಿದ ಎಪಿಕ್ ಗೇಮ್ಸ್ ಮೇಲೆ 2022ರ ಡಿಸೆಂಬರ್‌ನಲ್ಲಿ ಮಕ್ಕಳ ಖಾಸಗಿತನದ ವಿಷಯಕ್ಕೇ 27.5 ಕೋಟಿ ಡಾಲರ್ ದಂಡ ಬಿತ್ತು. ಅದು ಬಂದೂಕಿನ ಗೇಮ್ ಹೌದು. ಆದರೆ ಅದರ ಹೆಸರಲ್ಲಿ ಆಟಿಕೆ, ಮಕ್ಕಳ ವೇಷಭೂಷಣ ಮಾರಾಟಕ್ಕಿದ್ದವು ಅನ್ನೋದನ್ನೂ ಎಫ್‌ಟಿಸಿ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಗುರುತಿಲ್ಲದವರ ಜೊತೆ ಮಾತಾಡುವ ವಾಯ್ಸ್ ಚಾಟ್ ಮೊದಲಿನಿಂದಲೇ ಆನ್ ಇತ್ತು ಅನ್ನೋದು ಇನ್ನೊಂದು ದೂರು.

ಬೆಂಗಳೂರಿನ ನಂಟು

ಇದು ದೂರದ ದೇಶದ ಕಥೆ ಅಂತ ಬಿಡೋ ಹಾಗಿಲ್ಲ. ಬೆಂಗಳೂರಿನಲ್ಲಿ ಬೆಳೆದ ಮೊಬೈಲ್ ಜಾಹೀರಾತು ಕಂಪನಿ ಇನ್‌ಮೊಬಿ ಮೇಲೂ 2016ರಲ್ಲಿ ಎಫ್‌ಟಿಸಿ ಕೇಸು ಹಾಕಿತ್ತು. ಕಂಪನಿ ಗೇಮ್ ಮಾಡುತ್ತಿರಲಿಲ್ಲ, ಸಾವಿರಾರು ಆ್ಯಪ್‌ಗಳ ಒಳಗೆ ಜಾಹೀರಾತು ತೋರಿಸುತ್ತಿತ್ತು. ಲೊಕೇಶನ್ ಬೇಡ ಅಂದವರ ಫೋನಿನಿಂದಲೂ ಸುತ್ತಲಿನ ವೈಫೈ ವಿವರ ಹಿಡಿದು ಅವರು ಎಲ್ಲಿದ್ದಾರೆ ಅಂತ ಊಹಿಸುತ್ತಿತ್ತು ಎಂಬುದು ಒಂದು ಆರೋಪ. ಮಕ್ಕಳ ಆ್ಯಪ್ ಅಂತ ಮಾಡಿದವರೇ ಗುರುತು ಹಾಕಿ ಕೊಟ್ಟಿದ್ದರೂ ಅಲ್ಲಿಂದಲೂ ಮಾಹಿತಿ ಪಡೆಯಿತು ಎಂಬುದು ಇನ್ನೊಂದು. 9.5 ಲಕ್ಷ ಡಾಲರ್ ಕಟ್ಟಿ, ಮಕ್ಕಳಿಂದ ಪಡೆದ ಮಾಹಿತಿ ಅಳಿಸಲು ಒಪ್ಪಿ ಕೇಸು ಮುಗಿಯಿತು.

ಗೇಮ್ ಮಾಡಿದವರು ಒಳ್ಳೆಯವರೇ ಇರಬಹುದು, ಒಳಗೆ ಕೂತ ಜಾಹೀರಾತಿನವರು ಬೇರೆ ಎಂಬುದು ಈ ಕೇಸಿನಿಂದ ಗೊತ್ತಾಗುವ ಮಾತು.

ನಮ್ಮ ಕಾನೂನು ಏನು ಹೇಳ್ತದೆ?

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಂಕಿತ ಸಿಕ್ಕಿತು. ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ. ಮಕ್ಕಳಿಗೆ ಸಂಬಂಧಿಸಿದ ನಿಯಮ ಪೂರ್ತಿ ಅನ್ವಯವಾಗೋದು ಅಲ್ಲಿಂದ 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಿನಲ್ಲಿ.

ಅಮೆರಿಕದಲ್ಲಿ ಗೆರೆ 13 ವರ್ಷಕ್ಕೆ, ನಮ್ಮಲ್ಲಿ 18ಕ್ಕೆ. ಪಿಯುಸಿ ಓದುವ ಹೆಚ್ಚಿನವರೂ ಈ ಕಾನೂನಿನ ಮಟ್ಟಿಗೆ ಮಕ್ಕಳೇ. ಅವರ ಮಾಹಿತಿ ಬಳಸೋಕೆ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು, ಆ ಒಪ್ಪಿಗೆ ನಿಜವಾದದ್ದೇ ಅಂತ ಕಂಪನಿ ಖಚಿತ ಮಾಡಿಕೊಳ್ಳಬೇಕು. ಮಕ್ಕಳ ಬೆನ್ನು ಹತ್ತಿ ಅವರ ನಡೆ ಗಮನಿಸುವುದು, ಅವರಿಗೇ ಗುರಿಯಿಟ್ಟು ಜಾಹೀರಾತು ತೋರಿಸುವುದು ನಿಷಿದ್ಧ. ಕೆಲವು ವಿನಾಯಿತಿಗಳಿವೆ. ತಪ್ಪಿದರೆ 200 ಕೋಟಿ ರೂಪಾಯಿವರೆಗೂ ದಂಡ.

ನಮ್ಮ ಕಾಯ್ದೆ 'ಮಕ್ಕಳ ಗೇಮ್', 'ದೊಡ್ಡವರ ಗೇಮ್' ಅಂತ ಭಾಗ ಮಾಡಿಲ್ಲ. ಮಾಹಿತಿ ಮಗುವಿನದ್ದಾ ಅನ್ನೋದೊಂದೇ ಪ್ರಶ್ನೆ. ಹಾಗಾಗಿ "ನಮ್ಮದು ಮಕ್ಕಳ ಗೇಮ್ ಅಲ್ಲ" ಅಂದ ಮಾತ್ರಕ್ಕೆ ಕಂಪನಿ ಪಾರಾಗೋದಿಲ್ಲ.

ತೊಡಕು ಇರೋದು ಇಲ್ಲೇ. ಮಗು ಆಡೋದು ಅಪ್ಪನ ಫೋನಲ್ಲಿ, ಅಪ್ಪನ ಅಕೌಂಟಿನಲ್ಲಿ. ಕಂಪನಿಯ ಕಣ್ಣಿಗೆ ಬೆಕ್ಕು ಓಡಿಸ್ತಾ ಇರೋದು 40 ವರ್ಷದ ಗಂಡಸು. ಮಗು ಇದೆ ಅಂತಲೇ ಲೆಕ್ಕಕ್ಕೆ ಸಿಗದಿದ್ದರೆ ಮಗುವಿನ ರಕ್ಷಣೆ ಅನ್ವಯ ಆಗೋದಾದರೂ ಹೇಗೆ? ಆಗ ಉಳಿಯೋ ಸುಳಿವು ಗೇಮಿನ ರೂಪ ಒಂದೇ. ನೋಡಿದ ಕೂಡಲೇ ಮಕ್ಕಳದ್ದು ಅನಿಸುವಂಥ ಗೇಮ್ ಮಾಡಿದವರಿಗೆ "ಮಕ್ಕಳು ಆಡ್ತಾರೆ ಅಂತ ಗೊತ್ತಿರಲಿಲ್ಲ" ಅನ್ನೋದು ಕಷ್ಟ.

ಮೊಬೈಲ್ ಅಂಗಡಿಯವರ ಗಮನಕ್ಕೆ

ಹೊಸ ಫೋನೋ ಹಳೇ ಫೋನೋ ಮಾರುವಾಗ ಅಂಗಡಿಯ ಹುಡುಗರೇ ಗೇಮ್ ಹಾಕಿ ಕೊಡೋದು ಉಂಟು. ವಯಸ್ಸು ಕೇಳಿದರೆ ಬಾಯಿಗೆ ಬಂದ ಇಸವಿ, ಅನುಮತಿ ಕೇಳಿದಲ್ಲೆಲ್ಲ 'ಅಲೋ'. ಕೆಲಸ ಬೇಗ ಮುಗೀತದೆ ನಿಜ. ಆದರೆ ಆ ಒಪ್ಪಿಗೆ ತಾಯಿಯದ್ದೂ ಅಲ್ಲ, ತಂದೆಯದ್ದೂ ಅಲ್ಲ. "ಫೋನ್ ಮಕ್ಕಳಿಗಾ?" ಅಂತ ಒಂದು ಮಾತು ಕೇಳಿ, ಹೌದು ಅಂದರೆ ಗೂಗಲ್‌ನ 'ಫ್ಯಾಮಿಲಿ ಲಿಂಕ್' ಆ್ಯಪ್‌ನಲ್ಲಿ ಮಗುವಿನ ಹೆಸರಲ್ಲೇ ಅಕೌಂಟ್ ಮಾಡಲು ಅಪ್ಪ ಅಮ್ಮನಿಗೆ ತೋರಿಸಿ ಕೊಟ್ಟರೆ ದೊಡ್ಡ ಉಪಕಾರ. ಇದಕ್ಕೆ ದುಡ್ಡಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

1. ಮೊದಲು ಗೇಮನ್ನು ನೀವೇ ಐದು ನಿಮಿಷ ಆಡಿ. ಪಾತ್ರ, ಸದ್ದು, ಬಹುಮಾನ ಯಾರಿಗೆ ಹಿಡಿಸುವಂಥದ್ದು ಅಂತ ಗೊತ್ತಾಗ್ತದೆ.

2. ವಯಸ್ಸು ಹೇಗೆ ಕೇಳ್ತದೆ ನೋಡಿ. ಸುಮ್ಮನೆ ಹುಟ್ಟಿದ ಇಸವಿ ಕೇಳಿದರೆ ಸರಿ. "13 ಆದವರು ಮಾತ್ರ ಇಲ್ಲಿ ಒತ್ತಿ" ಅಂದರೆ ಸುಳ್ಳು ಹೇಳೋಕೆ ಮಗುವಿಗೆ ದಾರಿ ತೋರಿಸಿದ ಹಾಗೆ.

3. ಪ್ಲೇಸ್ಟೋರ್‌ನಲ್ಲಿ ಗೇಮಿನ ಪುಟದಲ್ಲಿ 'ಡೇಟಾ ಸುರಕ್ಷತೆ' ಭಾಗ ತೆರೆಯಿರಿ. ಏನು ಪಡೆಯುತ್ತಾರೆ, ಬೇರೆಯವರಿಗೆ ಏನು ಕೊಡುತ್ತಾರೆ ಅಂತ ಇರುತ್ತದೆ. ಅದು ಕಂಪನಿಯೇ ಬರೆದುಕೊಟ್ಟಿದ್ದು ಅನ್ನೋದು ನೆನಪಿರಲಿ.

4. ಬಣ್ಣ ತುಂಬುವ ಗೇಮಿಗೆ ಲೊಕೇಶನ್, ಮೈಕ್, ಕಾಂಟ್ಯಾಕ್ಟ್ ಯಾಕೆ ಬೇಕು? ಕೇಳಿದರೆ ಕೊಡಬೇಡಿ. ಕೊಟ್ಟಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಅನುಮತಿ ವಾಪಸ್ ತೆಗೆಯಿರಿ.

5. ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತು ಅಥವಾ ಆ್ಯಡ್ಸ್ ಅಂತ ಹುಡುಕಿ, ಜಾಹೀರಾತು ಐಡಿ ಅಳಿಸಿ. ಫೋನಿಗೆ ಏನೂ ತೊಂದರೆ ಆಗೋದಿಲ್ಲ.

6. ಅಂಗಡಿಯ ಲೆಕ್ಕ, ಯುಪಿಐ ಇರುವ ಫೋನನ್ನು ಆಟಕ್ಕೆ ಕೊಡದಿದ್ದರೆ ಒಳ್ಳೆಯದು. ಮನೆಯಲ್ಲಿ ಹಳೇ ಫೋನಿದ್ದರೆ ಸಿಮ್ ತೆಗೆದು, ಇಂಟರ್ನೆಟ್ ಇಲ್ಲದೆ ನಡೆಯುವ ಎರಡು ಗೇಮ್ ಹಾಕಿ ಕೊಡಿ.

ದೂರು ಇದ್ದರೆ ಮೊದಲು ಹೋಗಬೇಕಾದ್ದು ಕಂಪನಿಯ ಕುಂದುಕೊರತೆ ವಿಭಾಗಕ್ಕೆ. ಅಲ್ಲಿ ಪರಿಹಾರ ಸಿಗದಿದ್ದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ಹೋಗಲು ಹೊಸ ಕಾಯ್ದೆಯಲ್ಲಿ ದಾರಿ ಇದೆ. ಯಾವ ಗೇಮು, ಯಾವ ದಿನ, ಏನು ಕೇಳಿತು ಎಂಬುದರ ಸ್ಕ್ರೀನ್‌ಶಾಟ್ ಈಗಲೇ ಇಟ್ಟುಕೊಂಡಿದ್ದರೆ ಆಗ ಮಾತಿಗೆ ತೂಕ ಬರ್ತದೆ.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಇವತ್ತು ರಾತ್ರಿ ಮಗು ಮಲಗಿದ ಮೇಲೆ ಫೋನ್ ತೆಗೆದು, ಒಳಗೆ ಎಷ್ಟು ಗೇಮ್ ಇದೆ, ಯಾವುದಕ್ಕೆ ಯಾವ ಅನುಮತಿ ಹೋಗಿದೆ ಅಂತ ಒಮ್ಮೆ ಎಣಿಸಿ ನೋಡಿ.